ಮುದಿ ಇಲಿ ಮರೆತಿದೆಯೋ, ಅದಕ್ಕೆ ಕಾಣುತ್ತಿಲ್ಲವೋ? ಬಾರ್ನ್ಸ್ ಮೇಜ್ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಧಾರವಾಡ, ಹುಬ್ಬಳ್ಳಿ, ಗದಗ ಕಡೆ ಫಾರ್ಮಸಿ ಮತ್ತು ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರು ಪ್ರಾಜೆಕ್ಟ್ ಮುಗಿಸುವ ಹೊತ್ತಿಗೆ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮುದಿ ಇಲಿಗಳು ಏನೂ ಕಲೀತಾ ಇಲ್ಲ. ಗ್ರಾಫ್ ಅಡ್ಡಗೆರೆ ಎಳೆದ ಹಾಗೆ ಬಂದಿದೆ. ನೆನಪಿನ ಶಕ್ತಿ ಕುಂದಿದೆ ಅಂತ ಬರೆದುಬಿಡಲಾ?"

ಬರೆಯಬೇಡಿ. ಮೊದಲು ಆ ಇಲಿಗೆ ಕಣ್ಣು ಕಾಣುತ್ತಿತ್ತಾ ನೋಡಿ. ಕಾಲು ನೋಯುತ್ತಿತ್ತಾ, ಚಳಿಗೆ ನಡುಗುತ್ತಿತ್ತಾ, ಹೆದರಿ ಮೂಲೆ ಹಿಡಿದಿತ್ತಾ ನೋಡಿ. ಮೇಜ್‌ನಲ್ಲಿ, ಅಂದರೆ ಇಲಿಯ ಕಲಿಕೆ, ನೆನಪು ಅಳೆಯುವ ದಾರಿ ಹುಡುಕಾಟದ ಸಾಧನದಲ್ಲಿ, ಸೋಲಲು ಮುದಿ ಇಲಿಗೆ ಹತ್ತು ಕಾರಣ ಇರುತ್ತವೆ. ಮರೆವು ಅದರಲ್ಲಿ ಒಂದು ಅಷ್ಟೇ. ಉಳಿದ ಒಂಬತ್ತನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸುವುದೇ ಈ ಪ್ರಯೋಗದ ನಿಜವಾದ ಕೆಲಸ. ಹಂತಗಳ ಕ್ರಮ ತಪ್ಪಿದರೆ ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ಸರಿ ಮಾಡುವುದಿಲ್ಲ.

ಇಲ್ಲಿ ಇಲಿ ಅಂದರೆ ಮೌಸ್. ರ‍್ಯಾಟ್ ಅಲ್ಲ. ಅಳತೆಗಳೆಲ್ಲ ಮೌಸ್‌ಗೆ ಹೊಂದುವಂಥವು.

## ನೀರಿನ ತೊಟ್ಟಿ ಬೇಡ, ಹಲಗೆ ಸಾಕು

ನಮ್ಮಲ್ಲಿ ಬಹಳ ಜನ, ಇಲಿ ಈಜಿ ನೀರಿನಡಿ ಅಡಗಿಸಿಟ್ಟ ಕಟ್ಟೆ ಹುಡುಕುವ ಮಾರಿಸ್ ವಾಟರ್ ಮೇಜ್‌ನಿಂದಲೇ ಶುರು ಮಾಡುತ್ತಾರೆ. ತೊಟ್ಟಿ ಇದೆ, ನಲ್ಲಿ ಇದೆ, ಮತ್ತೇನು ಬೇಕು ಅಂತ. ನಾನೂ ಹಾಗೆಯೇ ಶುರು ಮಾಡಿದ್ದೆ. ಡಿಸೆಂಬರ್ ತಿಂಗಳು, ಧಾರವಾಡದ ಚಳಿ. ನೀರನ್ನು 24 ಡಿಗ್ರಿಗೆ ತಂದಿದ್ದೆವು, ಆದರೆ ಕೋಣೆ ತಣ್ಣಗಿತ್ತು. ಎರಡು ವರ್ಷಕ್ಕೆ ಹತ್ತಿರವಾಗಿದ್ದ ಒಂದು ಇಲಿ ಮೂರನೇ ಸರದಿಗೆ ಈಜುವುದನ್ನೇ ಬಿಟ್ಟು ಸುಮ್ನೆ ತೇಲತೊಡಗಿತು. ಹೊರಗೆ ತೆಗೆದರೆ ಮೈಯೆಲ್ಲ ಥರಥರ. ಟವೆಲ್‌ನಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದು ಕೂತಿದ್ದೆ, ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆದರೂ ಅವತ್ತಿನ ಹಾಳೆಯಲ್ಲಿ ನಾವು ಬರೆದದ್ದು "ಕಲಿಕೆ ಇಲ್ಲ" ಅಂತ. ಅದು ತಪ್ಪು ಅಂತ ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು.

ವಯಸ್ಸಾದ ಇಲಿಯ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಈಜು ಬೇಗ ದಣಿಸುತ್ತದೆ. ದಣಿದ ಇಲಿ ಕಟ್ಟೆಯನ್ನು ತಡವಾಗಿ ಮುಟ್ಟುತ್ತದೆ, ನಾವು ಅದನ್ನು ಮರೆವು ಅಂದುಕೊಳ್ಳುತ್ತೇವೆ. ಅದಕ್ಕೇ ಮುದಿ ಇಲಿಗೆ ಬಾರ್ನ್ಸ್ ಮೇಜ್ ಒಳ್ಳೆಯದು. ಎತ್ತರದಲ್ಲಿ ದುಂಡಗಿನ ಹಲಗೆ, ಅಂಚಿನ ಸುತ್ತ ತೂತುಗಳು, ಒಂದು ತೂತಿನ ಕೆಳಗೆ ಮಾತ್ರ ಕತ್ತಲಿನ ಡಬ್ಬಿ. ಇಲಿಗೆ ಬಯಲು, ಬೆಳಕು ಎರಡೂ ಇಷ್ಟವಿಲ್ಲ. ಅಡಗುವ ಜಾಗ ಹುಡುಕುತ್ತದೆ. ಗೋಡೆಯ ಮೇಲಿನ ಗುರುತುಗಳನ್ನು ನೋಡಿ ಆ ಜಾಗ ಎಲ್ಲಿದೆ ಅಂತ ಕಲಿಯುತ್ತದೆ. ನೀರಿಲ್ಲ, ಉಪವಾಸ ಕೆಡವಬೇಕಿಲ್ಲ, ಶಾಕ್ ಇಲ್ಲ.

## ಹಂತ 1: ಅನುಮತಿ, ವಯಸ್ಸು, ಎಷ್ಟು ಇಲಿ

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಫಾರ್ಮ್ ಬಿ ಕೊಟ್ಟು ಒಪ್ಪಿಗೆ ಕೈಗೆ ಬರುವವರೆಗೆ ಒಂದು ಇಲಿಯನ್ನೂ ಮುಟ್ಟುವ ಹಾಗಿಲ್ಲ. ಮೊದಲು ಸಿಪಿಸಿಎಸ್‌ಇಎ ಅನ್ನುತ್ತಿದ್ದ, ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆ ಮಾಡುವ ಕೇಂದ್ರ ಸಮಿತಿಗೆ ಈಗ ಸಿಸಿಎಸ್‌ಇಎ ಅಂತ ಹೆಸರು. ಹಳೆಯ ಪ್ರಾಜೆಕ್ಟ್‌ನ ಫಾರ್ಮ್ ನಕಲು ಮಾಡುವವರು ಆ ಹೆಸರನ್ನೂ ಹಾಗೇ ಬಿಟ್ಟಿರುತ್ತಾರೆ, ನೋಡಿಕೊಳ್ಳಿ. ಇಲಿಗೆ ಯಾವ ಸ್ಥಿತಿ ಬಂದರೆ ಪ್ರಯೋಗ ನಿಲ್ಲಿಸುತ್ತೀರಿ ಅನ್ನುವುದನ್ನೂ ಆ ಅರ್ಜಿಯಲ್ಲೇ ಬರೆಯಿರಿ.

ಇನ್ನು ವಯಸ್ಸು. ಸಿ57ಬಿಎಲ್/6 ಅನ್ನುವ ಪ್ರಯೋಗಾಲಯದ ಕಪ್ಪು ಇಲಿ ತಳಿಯಲ್ಲಿ 3ರಿಂದ 6 ತಿಂಗಳು ಅಂದರೆ ಹರೆಯ. 18ರಿಂದ 24 ತಿಂಗಳು ಅಂದರೆ ಮುಪ್ಪು, ಮನುಷ್ಯರ ಲೆಕ್ಕದಲ್ಲಿ ಸುಮಾರು 56ರಿಂದ 69 ವರ್ಷ. 12 ತಿಂಗಳ ಇಲಿಯನ್ನು ಮುದಿ ಅನ್ನಬೇಡಿ, ಅದು ನಡುವಯಸ್ಸು. ಇನ್ನೊಂದು ಕಡೆ 6 ವಾರದ ಮರಿಗಳನ್ನು ಹರೆಯದ ಗುಂಪು ಅಂತ ಇಡುವುದೂ ತಪ್ಪು. ಅವು ಇನ್ನೂ ಬೆಳೆಯುತ್ತಿರುತ್ತವೆ. ಆಗ ನೀವು ಮುಪ್ಪನ್ನು ಹೋಲಿಸುತ್ತಿಲ್ಲ, ಬೆಳವಣಿಗೆಯನ್ನು ಹೋಲಿಸುತ್ತಿದ್ದೀರಿ.

18 ತಿಂಗಳ ಇಲಿ ಬೇಕು ಅಂದ ತಕ್ಷಣ ಸಿಗುವುದಿಲ್ಲ. ಸಾಮಾನ್ಯವಾಗಿ ನಾವೇ ಸಾಕಿ ಮುದಿ ಮಾಡಬೇಕು. ಒಂದೂವರೆ ವರ್ಷದ ಕಾಳು, ಹಾಸು, ಕೆಲಸದವರ ಸಂಬಳ ಎಲ್ಲ ಲೆಕ್ಕ ಹಾಕಿ. ಆರು ತಿಂಗಳ ಪ್ರಾಜೆಕ್ಟ್ ಇರುವವರು ಇದನ್ನು ತಪ್ಪಿಸಲು ಡಿ-ಗ್ಯಾಲಕ್ಟೋಸ್ ಅನ್ನುವ ಸಕ್ಕರೆ ಕೊಟ್ಟು ಮುಪ್ಪು ತರಿಸುತ್ತಾರೆ. ಆ ವಿಧಾನಕ್ಕೆ ಅದರದ್ದೇ ಉಪಯೋಗ ಇದೆ. ಆದರೆ ವರದಿಯಲ್ಲಿ ಅದನ್ನು "ವಯಸ್ಸಾದ ಇಲಿ" ಅಂತ ಬರೆಯಬೇಡಿ. ಅದು ಡಿ-ಗ್ಯಾಲಕ್ಟೋಸ್ ಪಡೆದ ಇಲಿ. ಸಹಜವಾಗಿ ಮುದಿಯಾದ ಜೀವ ಬೇರೆ.

ಗುಂಪಿಗೆ 10ರಿಂದ 12 ಇಲಿ ಅನ್ನುವುದು ರೂಢಿ. ನಿಮ್ಮ ಲೆಕ್ಕ ಎಷ್ಟೇ ಬಂದರೂ ಮುದಿ ಗುಂಪಿಗೆ ಮೂರು ನಾಲ್ಕು ಹೆಚ್ಚು ಇಟ್ಟುಕೊಳ್ಳಿ. ಗಡ್ಡೆ, ಚರ್ಮದ ಹುಣ್ಣು, ಜಗಳದ ಗಾಯ ಅಂತ ಕೆಲವು ಹೋಗಿಯೇ ಹೋಗುತ್ತವೆ. ಗಂಡಿಲಿಗಳನ್ನು ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವುಗಳ ಜೊತೆಗೇ ಇಡಿ. ದೊಡ್ಡವಾದ ಮೇಲೆ ಹೊಸಬರನ್ನು ಸೇರಿಸಿದರೆ ಕಚ್ಚಾಡುತ್ತವೆ.

ಒಂದು ಮಾತು ಸ್ವಿಸ್ ಬಿಳಿ ಇಲಿ ಬಗ್ಗೆ. ನಮ್ಮ ಕಾಲೇಜುಗಳಲ್ಲಿ ಅದೇ ಜಾಸ್ತಿ. ಬಿಳಿ ಇಲಿಗಳ ದೃಷ್ಟಿ ಮೊದಲೇ ಮಂದ. ಕೆಲವು ಸ್ವಿಸ್ ಸಂತತಿಗಳಲ್ಲಿ ಕಣ್ಣಿನ ಪರದೆ ಚಿಕ್ಕ ವಯಸ್ಸಿಗೇ ಹಾಳಾಗುವ ವಂಶದೋಷವೂ ಇರುತ್ತದೆ. ಗೋಡೆಯ ಗುರುತು ನೋಡಿ ಕಲಿಯುವ ಪರೀಕ್ಷೆಗೆ ಕುರುಡು ಇಲಿ ತಂದರೆ ಏನಾಗುತ್ತದೆ? ಸಾಧ್ಯವಿದ್ದರೆ ಸಿ57ಬಿಎಲ್/6 ತನ್ನಿ. ಇಲ್ಲವಾದರೆ ಹಂತ 5ರ ತಪಾಸಣೆ ಬಿಡಲೇಬೇಡಿ.

## ಹಂತ 2: ಹಲಗೆ ಮಾಡಿಸುವುದು

ರೆಡಿಮೇಡ್ ಮೇಜ್ ತರಿಸಬಹುದು, ಬೆಲೆ ಜಾಸ್ತಿ. ಹುಬ್ಬಳ್ಳಿಯಲ್ಲಿ ಅಕ್ರಿಲಿಕ್, ಪಿವಿಸಿ ಶೀಟ್ ಕತ್ತರಿಸಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅಳತೆ ಬರೆದು ಕೊಟ್ಟರೆ ಮಾಡಿಕೊಡುತ್ತಾರೆ.

ಹಲಗೆಯ ಅಡ್ಡಳತೆ 92 ಸೆಂ.ಮೀ. ತೂತು 20, ಒಂದೊಂದು 5 ಸೆಂ.ಮೀ. ಅಗಲ. ತೂತುಗಳ ನಡುಬಿಂದು ಹಲಗೆಯ ಕೇಂದ್ರದಿಂದ 41 ಸೆಂ.ಮೀ. ದೂರದಲ್ಲಿರಲಿ. ಆಗ ಹೊರಗೆ ಎರಡೂವರೆ ಸೆಂ.ಮೀ. ಅಂಚು ಉಳಿಯುತ್ತದೆ. ಒಂದು ತೂತಿಗೂ ಇನ್ನೊಂದಕ್ಕೂ 18 ಡಿಗ್ರಿ ಅಂತರ. ಕೋನ ಅಳೆಯಲು ಬೇಜಾರಾಗುವ ಬಡಿಗೇರರಿಗೆ ನಡುವಿನಿಂದ ನಡುವಿಗೆ 12.8 ಸೆಂ.ಮೀ. ಅಂತ ಹೇಳಿ, ಕೆಲಸ ಸಲೀಸು. ನೆಲದಿಂದ ಹಲಗೆ 90ರಿಂದ 100 ಸೆಂ.ಮೀ. ಎತ್ತರ ಇರಲಿ. ತೀರಾ ಕೆಳಗಿದ್ದರೆ ಇಲಿ ಜಿಗಿದು ಓಡುತ್ತದೆ. ಮುದಿ ಇಲಿ ಜಿಗಿದರೆ ಕಾಲು ಮುರಿಯಬಹುದು, ಅದಕ್ಕೆ ಸುತ್ತಲೂ ನೆಲದ ಮೇಲೆ ದಪ್ಪ ಹಾಸು ಹಾಕಿಡಿ.

ಹಲಗೆ ಸ್ಟ್ಯಾಂಡಿನ ಮೇಲೆ ತಿರುಗುವ ಹಾಗಿರಬೇಕು. ಯಾಕೆ ಅಂತ ಹಂತ 7ರಲ್ಲಿ ಗೊತ್ತಾಗುತ್ತದೆ.

ಮರದ ಹಲಗೆ ಬೇಡ ಅನ್ನುತ್ತೇನೆ. ನಮ್ಮ ಕಡೆ ಜೂನ್‌ನಿಂದ ಜಿಟಿಜಿಟಿ ಮಳೆ ಹಿಡಿದರೆ ಮರ ತೇವ ಕುಡಿಯುತ್ತದೆ, ಇಲಿಯ ಮೂತ್ರವನ್ನೂ ಕುಡಿಯುತ್ತದೆ. ಎಷ್ಟು ಒರೆಸಿದರೂ ವಾಸನೆ ಹೋಗುವುದಿಲ್ಲ. ಆಮೇಲೆ ಇಲಿ ಗೋಡೆ ನೋಡದೆ ಮೂಗು ಹಿಡಿದು ಹೋಗುತ್ತದೆ. ತೀರಾ ನುಣುಪಾದ ಅಕ್ರಿಲಿಕ್ ಕೂಡ ಬೇಡ, ಮುದಿ ಇಲಿಯ ಕಾಲು ಜಾರುತ್ತದೆ. ಮ್ಯಾಟ್ ಮೇಲ್ಮೈ ಕೇಳಿ.

ಬಣ್ಣ ಮರೆಯಬೇಡಿ. ಕಪ್ಪು ಇಲಿಗೆ ಬಿಳಿ ಹಲಗೆ. ಬಿಳಿ ಇಲಿಗೆ ಬೂದು ಅಥವಾ ಕಪ್ಪು ಹಲಗೆ. ಬಿಳಿ ಹಲಗೆ ಮೇಲೆ ಬಿಳಿ ಇಲಿ ಬಿಟ್ಟು, ಕ್ಯಾಮೆರಾ ಹಿಡಿಯುತ್ತಿಲ್ಲ ಅಂತ ತಲೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ಅಡಗುವ ಡಬ್ಬಿ ಕಪ್ಪು ಪ್ಲಾಸ್ಟಿಕ್ ಆಗಿರಲಿ. ಸಿ57 ಗಂಡು ವಯಸ್ಸಾದಂತೆ ದಪ್ಪವಾಗುತ್ತದೆ, 40 ಗ್ರಾಂ ದಾಟಿದವೂ ಇರುತ್ತವೆ. ಅಂಥದ್ದು ಒಳಗೆ ಆರಾಮಾಗಿ ತಿರುಗುವಷ್ಟು ಜಾಗ ಬೇಕು. ಡಬ್ಬಿಯೊಳಗೆ ಇಳಿಯಲು ಇಳಿಜಾರು ಪಟ್ಟಿ ಇಡಿ. ಹರೆಯದ ಇಲಿ ಧುಮುಕುತ್ತದೆ, ಮುದಿ ಇಲಿ ಧುಮುಕಲು ಹಿಂದೇಟು ಹಾಕುತ್ತದೆ. ಪಟ್ಟಿ ಇಲ್ಲದಿದ್ದರೆ ನೀವು ಅಳೆಯುವುದು ಧೈರ್ಯ, ನೆನಪನ್ನಲ್ಲ. ಉಳಿದ 19 ತೂತುಗಳ ಕೆಳಗೂ ಕಪ್ಪು ಬಟ್ಟಲು ಅಂಟಿಸಿ. ಇಲಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ. ಎಲ್ಲ ತೂತುಗಳೂ ಒಂದೇ ತರಹ ಕಾಣಬೇಕು.

## ಹಂತ 3: ಕೋಣೆ

ಹಲಗೆಯ ಮೇಲೆ ಸುಮಾರು 900 ಲಕ್ಸ್ ಬೆಳಕು ಬೇಕು. ಎರಡು ಎಲ್‌ಇಡಿ ಫ್ಲಡ್ ಲೈಟ್ ಎದುರು ಬದುರು ಹಾಕಿದರೆ ಸಾಕಾಗುತ್ತದೆ. ಹ್ಯಾಲೊಜನ್ ಬೇಡ, ಹಲಗೆ ಬಿಸಿಯಾಗುತ್ತದೆ. ಲಕ್ಸ್ ಮೀಟರ್ ಹಿಡಿದು ನಡುವೆ ಒಮ್ಮೆ, ನಾಲ್ಕೂ ಬದಿ ಒಂದೊಂದು ಸಲ ಅಳೆಯಿರಿ. ಒಂದು ಬದಿ ನೆರಳು ಬಿದ್ದಿದ್ದರೆ ಇಲಿ ಅಲ್ಲಿಗೇ ಹೋಗುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿ. ಮುಂಜಾನೆ ಬಿಸಿಲು ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಬಂದರೆ ಎಲ್ಲ ಹಾಳು.

ಕೋಣೆಯ ಉಷ್ಣತೆ 22ರಿಂದ 24 ಡಿಗ್ರಿ. ಚಳಿಗಾಲದಲ್ಲಿ ಹೀಟರ್ ಅರ್ಧ ಗಂಟೆ ಮೊದಲೇ ಹಾಕಿ. ಏಪ್ರಿಲ್‌ನಲ್ಲಿ ಏಸಿ ಇಲ್ಲದ ಕೋಣೆಯಲ್ಲಿ ಈ ಪ್ರಯೋಗ ಮಾಡುವುದು ಇಲಿಗೂ ಅನ್ಯಾಯ, ನಿಮ್ಮ ಕೆಲಸಕ್ಕೂ ಅನ್ಯಾಯ. ಸೀಲಿಂಗ್ ಫ್ಯಾನ್ ಬಂದ್ ಮಾಡಿ.

ಕರೆಂಟ್ ಹೋಗುತ್ತದೆ, ಇದು ಗೊತ್ತಿದ್ದದ್ದೇ. ದೀಪ, ಕ್ಯಾಮೆರಾ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಓಟದ ನಡುವೆ ಬೆಳಕು ಹೋದರೆ ಆ ಓಟವನ್ನು ಏನು ಮಾಡುತ್ತೀರಿ ಅನ್ನುವುದನ್ನು ಮೊದಲೇ ಪುಸ್ತಕದಲ್ಲಿ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ತೀರ್ಮಾನಿಸಿದರೆ ನಮಗೆ ಬೇಕಾದ ಹಾಗೇ ತೀರ್ಮಾನಿಸುತ್ತೇವೆ, ಅಲ್ವಾ?

ಗೋಡೆಗಳ ಮೇಲೆ ನಾಲ್ಕು ದೊಡ್ಡ ಗುರುತು ಅಂಟಿಸಿ. ಕಪ್ಪು ತ್ರಿಕೋನ, ಅಡ್ಡಪಟ್ಟೆ, ವೃತ್ತ, ಕೂಡಿಸುವ ಚಿಹ್ನೆ, ಹೀಗೆ. ಎ3 ಹಾಳೆಗಿಂತ ಚಿಕ್ಕದು ಬೇಡ, ಮುದಿ ಕಣ್ಣಿಗೆ ಕಾಣುವುದಿಲ್ಲ. ಒಮ್ಮೆ ಅಂಟಿಸಿದ ಮೇಲೆ ಕೊನೆಯ ದಿನದವರೆಗೆ ಅಲುಗಾಡಿಸಬೇಡಿ. ನೀವೂ ಇಲಿಗೆ ಒಂದು ಗುರುತೇ. ದಿನಾ ಒಂದೇ ಜಾಗದಲ್ಲಿ, ಪರದೆಯ ಹಿಂದೆ ಕುಳಿತುಕೊಳ್ಳಿ. ಇವತ್ತು ಬಾಗಿಲ ಹತ್ತಿರ, ನಾಳೆ ಕಿಟಕಿ ಹತ್ತಿರ ನಿಂತರೆ ಇಲಿಗೆ ದಿಕ್ಕು ತಪ್ಪುತ್ತದೆ.

ವಾಸನೆಯ ಬಗ್ಗೆ ಕಟ್ಟುನಿಟ್ಟಾಗಿರಿ. ಮುಡಿಯಲ್ಲಿ ಮಲ್ಲಿಗೆ, ಸೆಂಟು, ಶುಕ್ರವಾರದ ಊದುಬತ್ತಿ, ಪೇಡೆ ತಿಂದ ಕೈ, ಇವೆಲ್ಲ ಪ್ರಯೋಗ ಮುಗಿಯುವವರೆಗೆ ಕೋಣೆಯ ಹೊರಗೆ. ತಾರೀಖು ಆರಿಸುವಾಗ ಕ್ಯಾಲೆಂಡರ್ ನೋಡಿ. ಹುಬ್ಬಳ್ಳಿಯ ಗಣೇಶ ಹಬ್ಬದ ಡೊಳ್ಳು, ಧ್ವನಿವರ್ಧಕ, ದೀಪಾವಳಿಯ ಪಟಾಕಿ ಇರುವ ವಾರಗಳಲ್ಲಿ ಇಡಲೇಬೇಡಿ. ಗೋಡೆ ನಡುಗುವ ಸದ್ದಿಗೆ ಯಾವ ಇಲಿಯೂ ಪಾಠ ಕಲಿಯುವುದಿಲ್ಲ.

## ಹಂತ 4: ಕೈಗೆ ರೂಢಿ ಮಾಡಿಸುವುದು

ಪರೀಕ್ಷೆಗೆ ಒಂದು ವಾರ ಮೊದಲಿನಿಂದ ದಿನಾ ಎರಡು ಮೂರು ನಿಮಿಷ ಪ್ರತಿ ಇಲಿಯನ್ನು ಕೈಯಲ್ಲಿ ಹಿಡಿಯಿರಿ. ಬಾಲ ಹಿಡಿದು ಎತ್ತಬೇಡಿ. ಬೊಗಸೆಯಲ್ಲಿ ಎತ್ತಿ, ಇಲ್ಲವೇ ಪ್ಲಾಸ್ಟಿಕ್ ಕೊಳವೆಯೊಳಗೆ ಹೊಗಿಸಿ ಎತ್ತಿ. ಬಾಲ ಹಿಡಿದ ಇಲಿಯ ಹೆದರಿಕೆ ಹಾಗೇ ಉಳಿಯುತ್ತದೆ, ಹೆದರಿದ ಇಲಿ ಹಲಗೆ ಮೇಲೆ ಹುಡುಕದೆ ಕಲ್ಲಿನ ಹಾಗೆ ಕೂರುತ್ತದೆ.

ಈ ವಾರ ಯಾರು ಇಲಿ ಹಿಡಿದರೋ ಪರೀಕ್ಷೆಯ ದಿನವೂ ಅವರೇ ಹಿಡಿಯಲಿ. ರೂಢಿ ಮಾಡಿಸಿದ್ದು ಒಬ್ಬರು, ಓಡಿಸಿದ್ದು ಇನ್ನೊಬ್ಬರು ಆದರೆ ಅಷ್ಟೂ ದಿನ ಪಟ್ಟ ಶ್ರಮ ನೀರುಪಾಲು.

## ಹಂತ 5: ಕಣ್ಣು, ಕಿವಿ, ಕಾಲು, ಮೈ

ಎಲ್ಲರೂ ಹಾರಿಸಿಬಿಡುವ ಹಂತ ಇದೇ. ಅರ್ಧ ದಿನದ ಕೆಲಸ.

ಮೊದಲು ತೂಕ. ಆಮೇಲೆ ಮೈ. ಗೂನು ಬೆನ್ನು, ನಿಮಿರಿದ ಕೂದಲು, ಬೆಳೆದು ಸೊಟ್ಟಾದ ಹಲ್ಲು, ಕುತ್ತಿಗೆ ಹಿಂದಿನ ಹುಣ್ಣು, ಹೊಟ್ಟೆಯಲ್ಲಿ ಗಡ್ಡೆ, ಬೆಳ್ಳಗಾದ ಕಣ್ಣು, ಇವುಗಳಲ್ಲಿ ಯಾವುದಿದ್ದರೂ ಆ ಇಲಿ ಪ್ರಯೋಗಕ್ಕೆ ಬೇಡ, ಪಶುವೈದ್ಯರಿಗೆ ತೋರಿಸಿ. ತೂಕ ಐದನೇ ಒಂದು ಭಾಗ ಇಳಿದಿದ್ದರೆ ಮೇಜ್ ಮಾತೇ ಬೇಡ.

ಕಣ್ಣಿಗೆ ಸುಲಭದ ಪರೀಕ್ಷೆ ಇದೆ. ಬಾಲದ ಬುಡ ಹಿಡಿದು, ಬಾಲ ಹಿಡಿಯುವುದು ಇದೊಂದೇ ಸಲ, ಟೇಬಲ್ ಕಡೆಗೆ ಮೆಲ್ಲಗೆ ಇಳಿಸಿ. ಕಾಣುವ ಇಲಿ ಮೀಸೆ ತಾಗುವ ಮೊದಲೇ ಮುಂಗಾಲು ಚಾಚುತ್ತದೆ. ಕಾಣದ್ದು ಮೀಸೆಯೋ ಮೂಗೋ ತಾಗಿದ ಮೇಲೆ ಚಾಚುತ್ತದೆ. ಮೂರು ಸಲ ಮಾಡಿ ಬರೆದುಕೊಳ್ಳಿ.

ಕಿವಿಯ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಸಿ57ಬಿಎಲ್/6 ತಳಿಗೆ ವಯಸ್ಸಾದಂತೆ ಕಿವುಡು ಬರುತ್ತದೆ, ಅದು ಅದರ ವಂಶದಲ್ಲೇ ಇದೆ. ಬಹಳಷ್ಟು ವಿಧಾನಗಳಲ್ಲಿ ಇಲಿಯನ್ನು ಡಬ್ಬಿಗೆ ಓಡಿಸಲು ಜೋರಾದ ಬಜರ್ ಹಾಕುತ್ತಾರೆ. ಹರೆಯದ ಇಲಿಗೆ ಆ ಸದ್ದು ಕೇಳುತ್ತದೆ, ಅದು ತಪ್ಪಿಸಿಕೊಳ್ಳಲು ಓಡುತ್ತದೆ. ಮುದಿ ಇಲಿಗೆ ಕೇಳುವುದೇ ಇಲ್ಲ, ಅದಕ್ಕೆ ಅವಸರ ಯಾಕೆ? ಅದು ಆರಾಮಾಗಿ ಮೀಸೆ ತಿಕ್ಕುತ್ತ ಕೂರುತ್ತದೆ. ಗ್ರಾಫ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ, ಅದು ಪೂರ್ತಿ ಕಿವಿಯ ವ್ಯತ್ಯಾಸ. ಮುದಿ ಮತ್ತು ಹರೆಯದ ಇಲಿಗಳನ್ನು ಹೋಲಿಸುವಾಗ ಬಜರ್ ಬಿಡಿ, ಬೆಳಕೊಂದನ್ನೇ ಬಳಸಿ.

ಕಾಲಿಗೆ 5 ನಿಮಿಷ, ಖಾಲಿ ತೆರೆದ ಪೆಟ್ಟಿಗೆಯಾದ ಓಪನ್ ಫೀಲ್ಡ್‌ನಲ್ಲಿ ಬಿಟ್ಟು ಎಷ್ಟು ದೂರ ಓಡಾಡಿತು, ಎಷ್ಟು ವೇಗದಲ್ಲಿ ಅಂತ ಅಳೆಯಿರಿ. ರೋಟಾರಾಡ್ (ಇಲಿ ಬೀಳದೆ ನಡೆಯಬೇಕಾದ ತಿರುಗುವ ಕೋಲು) ಇದ್ದರೆ ಅದನ್ನೂ ಮಾಡಿ. ಈ ಅಂಕಿಗಳು ಕೊನೆಗೆ ನಿಮ್ಮನ್ನು ಕಾಪಾಡುತ್ತವೆ.

## ಹಂತ 6: ಪರಿಚಯದ ದಿನ

ಪಂಜರಗಳನ್ನು ಪರೀಕ್ಷೆಯ ಕೋಣೆಗೆ ತಂದು ಕನಿಷ್ಠ ಅರ್ಧ ಗಂಟೆ ಬಿಡಿ. ಪಂಜರ ಶುಚಿ ಮಾಡಿದ ದಿನ ಪರೀಕ್ಷೆ ಇಟ್ಟುಕೊಳ್ಳಬೇಡಿ, ಹೊಸ ಹಾಸಿನ ಗಡಿಬಿಡಿಯಲ್ಲೇ ಇರುತ್ತವೆ.

ಇವತ್ತು ಹುಡುಕಾಟ ಇಲ್ಲ. ಇಲಿಯನ್ನು ಹಲಗೆಯ ನಡುವೆ ಬಿಟ್ಟು, ಒಂದು ನಿಮಿಷ ನೋಡಲು ಬಿಟ್ಟು, ಆಮೇಲೆ ಅಂಗೈ ಅಡ್ಡ ಹಿಡಿದು ಮೆಲ್ಲಗೆ ಡಬ್ಬಿಯ ತೂತಿನ ಕಡೆ ಕರೆದೊಯ್ಯಿರಿ. ತಾನಾಗಿ ಇಳಿಯಲಿ. ಒಳಗೆ ಎರಡು ನಿಮಿಷ ಕತ್ತಲೆಯಲ್ಲಿ ಇರಲಿ. ಡಬ್ಬಿ ಒಳ್ಳೆಯ ಜಾಗ ಅಂತ ಅದಕ್ಕೆ ಗೊತ್ತಾಗಬೇಕು, ಅಷ್ಟೇ. ದೂಕಿ ಒಳಗೆ ತುರುಕಿದರೆ ಅದನ್ನು ಬಲೆ ಅಂತಲೇ ನೆನಪಿಡುತ್ತದೆ.

## ಹಂತ 7: ಕಲಿಕೆಯ ದಿನಗಳು

ಸಾಮಾನ್ಯ ಕ್ರಮ ದಿನಕ್ಕೆ 4 ಓಟ, 4 ದಿನ, ಓಟಗಳ ನಡುವೆ 15 ನಿಮಿಷ. ಮುದಿ ಇಲಿ ಇದ್ದಾಗ ನಾನು ದಿನಕ್ಕೆ 3 ಓಟ, 5 ದಿನ ಇಡುತ್ತೇನೆ, ನಡುವೆ 20 ನಿಮಿಷ. ದಣಿವು ಕಡಿಮೆ. ಯಾವುದನ್ನೇ ಆರಿಸಿ, ಎರಡೂ ಗುಂಪಿಗೆ ಒಂದೇ ಇರಲಿ.

ಪ್ರತಿ ಇಲಿಗೆ ಒಂದು ತೂತು ಗೊತ್ತು ಮಾಡಿ. ಎಲ್ಲ ಇಲಿಗಳಿಗೂ ಅದೇ ತೂತು ಬೇಡ. ಎರಡೂ ಗುಂಪುಗಳಲ್ಲಿ ನಾಲ್ಕೂ ದಿಕ್ಕು ಸಮವಾಗಿ ಹಂಚಿ.

ಒಂದು ಓಟ ಹೀಗೆ ನಡೆಯುತ್ತದೆ. ಇಲಿಯನ್ನು ನಡುವೆ ಬಿಟ್ಟು ಬೆಳಕು ಹಾಯದ ಡಬ್ಬ ಮುಚ್ಚಿ. 10 ಸೆಕೆಂಡು ಬಿಟ್ಟು ಎತ್ತಿ. ಗಡಿಯಾರ ಶುರು. 3 ನಿಮಿಷ ಸಮಯ. ಡಬ್ಬಿಗೆ ಇಳಿದರೆ ದೀಪ ಆರಿಸಿ ಒಂದು ನಿಮಿಷ ಒಳಗೇ ಬಿಡಿ. ಇಳಿಯದಿದ್ದರೆ ಅಂಗೈಯಿಂದ ದಾರಿ ತೋರಿಸಿ, ಒಂದು ನಿಮಿಷ ಬಿಡಿ. ವಾಪಸ್ ಪಂಜರಕ್ಕೆ.

ಈಗ ಒರೆಸುವುದು. 70 ಪ್ರತಿಶತ ಆಲ್ಕೋಹಾಲ್‌ನಿಂದ ಹಲಗೆ, ತೂತಿನ ಅಂಚು, ಡಬ್ಬಿಯ ಒಳಗು ಎಲ್ಲ ಒರೆಸಿ, ಪೂರ್ತಿ ಒಣಗಲು ಬಿಡಿ. ಒದ್ದೆ ಹಲಗೆ ಮೇಲೆ ಬಿಟ್ಟರೆ ಇಲಿ ವಾಸನೆಗೇ ಮುಖ ತಿರುಗಿಸುತ್ತದೆ. ಆಮೇಲೆ ಹಲಗೆಯನ್ನು ಒಂದೆರಡು ತೂತಿನಷ್ಟು ತಿರುಗಿಸಿ. ಡಬ್ಬಿಯನ್ನು ಮಾತ್ರ ಕೋಣೆಯ ಅದೇ ದಿಕ್ಕಿನಲ್ಲಿ ಮತ್ತೆ ಜೋಡಿಸಿ. ಹಲಗೆ ತಿರುಗುತ್ತದೆ, ಗುರಿ ತಿರುಗುವುದಿಲ್ಲ. ಇಲಿ ವಾಸನೆ ಹಿಡಿದು ಹೋಗುತ್ತಿದ್ದರೆ ಈಗ ಸಿಕ್ಕಿಬೀಳುತ್ತದೆ. ತೂತುಗಳಿಗೆ ನಂಬರ್ ಬರೆದವರು ಇಲ್ಲಿ ಎಡವುತ್ತಾರೆ. ನಂಬರ್ ಹಲಗೆಗೆ ಬೇಡ, ಸ್ಟ್ಯಾಂಡಿಗೆ ಅಂಟಿಸಿ.

ಮುದಿ ಇಲಿಗಳನ್ನೆಲ್ಲ ಮುಂಜಾನೆ, ಹರೆಯದವನ್ನೆಲ್ಲ ಮಧ್ಯಾಹ್ನ ಓಡಿಸುವ ತಪ್ಪು ಬಹಳ ಸಾಮಾನ್ಯ. ಬೆರೆಸಿ ಓಡಿಸಿ. ವಿಡಿಯೋ ನೋಡಿ ಅಂಕ ಹಾಕುವವರಿಗೆ ಯಾವುದು ಯಾವ ಗುಂಪು ಅಂತ ಹೇಳಬೇಡಿ.

ಏನನ್ನು ಬರೆದುಕೊಳ್ಳಬೇಕು? ಇಲ್ಲಿ ನನಗೆ ಪಾಠ ಕಲಿಸಿದ್ದು ಬಾಲಕ್ಕೆ ಎರಡು ಗೀಟು ಹಾಕಿದ್ದ 22 ತಿಂಗಳ ಒಂದು ಹೆಣ್ಣಿಲಿ. ನಾಲ್ಕನೇ ದಿನ ಅದಕ್ಕೆ 160 ಸೆಕೆಂಡು ಅಂತ ಹಾಳೆಯಲ್ಲಿತ್ತು. ಸಂಜೆ ವಿಡಿಯೋ ಹಾಕಿ ನೋಡಿದೆ. ಡಬ್ಬ ಎತ್ತಿದ ತಕ್ಷಣ ಇಲಿ ಒಮ್ಮೆ ತಲೆ ಎತ್ತಿ ಗೋಡೆ ಕಡೆ ತಿರುಗಿತು. ನೆಟ್ಟಗೆ ನಡೆದು ಹೋಗಿ 11ನೇ ಸೆಕೆಂಡಿಗೆ ಸರಿಯಾದ ತೂತಿಗೆ ತಲೆ ಹಾಕಿತು. ಮೀಸೆ ಅಲುಗುತ್ತಿತ್ತು. ಒಂದು ಮುಂಗಾಲು ಪಟ್ಟಿಯ ಮೇಲಿಟ್ಟು ಮತ್ತೆ ಹಿಂದಕ್ಕೆ ತೆಗೆಯಿತು. ಅಂಚಿಗುಂಟ ಒಂದು ಸುತ್ತು ಹೋಗಿ ಬಂತು, ಮತ್ತೆ ಅದೇ ತೂತು. ಹೀಗೆ ಮೂರು ಸಲ. ಕೊನೆಗೆ ಇಳಿದದ್ದು 160ನೇ ಸೆಕೆಂಡಿಗೆ. ಆ ಇಲಿಗೆ ಜಾಗ ಚೆನ್ನಾಗಿ ಗೊತ್ತಿತ್ತು. ಇಳಿಯಲು ಮನಸ್ಸಿರಲಿಲ್ಲ.

ಅದಕ್ಕೇ ಎರಡು ಸಮಯ ಬರೆಯಿರಿ. ಸರಿಯಾದ ತೂತಿಗೆ ಮೊದಲ ಸಲ ಮೂಗು ಹಾಕಿದ ಸಮಯ ಒಂದು, ಪೂರ್ತಿ ಒಳಗೆ ಇಳಿದ ಸಮಯ ಇನ್ನೊಂದು. ಕಲಿಕೆಯನ್ನು ಹೇಳುವುದು ಮೊದಲನೆಯದು. ಜೊತೆಗೆ ಅದಕ್ಕೂ ಮೊದಲು ಎಷ್ಟು ತಪ್ಪು ತೂತು ನೋಡಿತು, ಎಷ್ಟು ದೂರ ನಡೆಯಿತು ಅನ್ನುವುದನ್ನೂ ಬರೆಯಿರಿ. ಮುದಿ ಇಲಿ ನಿಧಾನ. ಸೆಕೆಂಡುಗಳನ್ನು ಮಾತ್ರ ನಂಬಿದರೆ ನಿಧಾನವಾದದ್ದೆಲ್ಲ ದಡ್ಡ ಆಗಿ ಕಾಣುತ್ತದೆ. ತಪ್ಪುಗಳ ಎಣಿಕೆಗೆ ವೇಗ ಬೇಕಿಲ್ಲ.

ಹುಡುಕುವ ರೀತಿಯನ್ನೂ ಗುರುತು ಹಾಕಿ. ನೆಟ್ಟಗೆ ಹೋಯಿತಾ, ಅಂಚಿಗುಂಟ ಒಂದೊಂದೇ ತೂತು ನೋಡುತ್ತ ಹೋಯಿತಾ, ಇಲ್ಲ ಅಡ್ಡಾದಿಡ್ಡಿ ಓಡಿತಾ? ಸಾಲಾಗಿ ತೂತು ನೋಡುತ್ತ ಹೋಗುವ ಇಲಿಯ ಸಮಯ ದಿನದಿಂದ ದಿನಕ್ಕೆ ಇಳಿಯಬಹುದು, ಆದರೂ ಅದು ಜಾಗ ಕಲಿತಿರುವುದಿಲ್ಲ.

ಈ ದಿನಗಳಲ್ಲಿ ಎಚ್ಚರದ ಗುರುತುಗಳು ಕೆಲವಿವೆ. ಇಲಿ ಇಡೀ 3 ನಿಮಿಷ ನಡುವೆಯೇ ಕೂತರೆ ಹೆದರಿಕೆ ಅಥವಾ ಕಾಯಿಲೆ. ಎರಡು ಓಟ ಸತತ ಹಾಗಾದರೆ ಅವತ್ತಿಗೆ ನಿಲ್ಲಿಸಿ ತೂಕ ನೋಡಿ. ಪದೇ ಪದೇ ಅಂಚಿಗೆ ಬಂದು ಕೆಳಗೆ ಬಗ್ಗಿದರೆ ಬೀಳುವ ಅಪಾಯ, ಕೈ ಹತ್ತಿರ ಇರಲಿ. ಎಲ್ಲ ಇಲಿಗಳೂ, ಹರೆಯದವೂ ಸೇರಿ, ಒಂದೇ ತಪ್ಪು ತೂತಿಗೆ ಹೋಗುತ್ತಿದ್ದರೆ ಇಲಿಗಳ ತಪ್ಪಲ್ಲ, ಅಲ್ಲಿ ನೆರಳೋ ವಾಸನೆಯೋ ಇದೆ. ಹರೆಯದ ಗುಂಪು ಮೂರನೇ ದಿನಕ್ಕೂ ಸುಧಾರಿಸದಿದ್ದರೆ ಪ್ರಯೋಗ ನಿಲ್ಲಿಸಿ ಕೋಣೆ ತಪಾಸಿಸಿ.

## ಹಂತ 8: ನೆನಪಿನ ಪರೀಕ್ಷೆ

ಕೊನೆಯ ಓಟದ 24 ಗಂಟೆ ನಂತರ ಡಬ್ಬಿ ತೆಗೆದು, ಅಲ್ಲೂ ಉಳಿದವುಗಳಂಥದೇ ಬಟ್ಟಲು ಹಾಕಿ. 90 ಸೆಕೆಂಡು ಬಿಡಿ. ಪ್ರತಿ ತೂತಿಗೆ ಎಷ್ಟು ಸಲ ಮೂಗು ಹಾಕಿತು, ಗುರಿಯಿದ್ದ ಕಾಲುಭಾಗದಲ್ಲಿ ಎಷ್ಟು ಹೊತ್ತು ಇತ್ತು ಅಂತ ಎಣಿಸಿ. ಏನೂ ನೆನಪಿಲ್ಲದ ಇಲಿಯೂ ಆ ಕಾಲುಭಾಗದಲ್ಲಿ 25 ಪ್ರತಿಶತ ಸಮಯ ಇರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ನೆನಪು. 90 ಸೆಕೆಂಡಿನ ಮೊದಲ ಅರ್ಧವನ್ನು ಬೇರೆಯಾಗಿಯೂ ನೋಡಿ. ಚುರುಕಾದ ಇಲಿ ಡಬ್ಬಿ ಇಲ್ಲ ಅಂತ ತಿಳಿದು ಬೇರೆ ಕಡೆ ಹುಡುಕಲು ಹೋಗಿಬಿಡುತ್ತದೆ, ಪೂರ್ತಿ ಸಮಯದ ಲೆಕ್ಕದಲ್ಲಿ ಅದು ದಡ್ಡನ ಹಾಗೆ ಕಾಣುತ್ತದೆ.

ಒಂದು ವಾರ ಬಿಟ್ಟು ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿದರೆ ದೂರದ ನೆನಪು ಗೊತ್ತಾಗುತ್ತದೆ. ನಡುವೆ ಹಲಗೆ ತೋರಿಸಬೇಡಿ.

## ಹಂತ 9: ಗುರಿ ಬದಲು, ಆಮೇಲೆ ಬಾವುಟ

ಸಮಯ ಇದ್ದರೆ ಡಬ್ಬಿಯನ್ನು ನೇರ ಎದುರು ಬದಿಗೆ ಇಟ್ಟು ಇನ್ನೆರಡು ಮೂರು ದಿನ ಕಲಿಸಿ. ಹಳೆಯ ಜಾಗ ಬಿಟ್ಟು ಹೊಸದು ಹಿಡಿಯುವುದು ಮುದಿ ಇಲಿಗೆ ಕಷ್ಟ. ಮೊದಲ ಕಲಿಕೆಯಲ್ಲಿ ಕಾಣದ ವ್ಯತ್ಯಾಸ ಎಷ್ಟೋ ಸಲ ಇಲ್ಲಿ ಕಾಣುತ್ತದೆ.

ಎಲ್ಲ ಮುಗಿದ ಮೇಲೆ ಗುರಿಯ ತೂತಿನ ಹಿಂದೆ ಎದ್ದು ಕಾಣುವ ಬಾವುಟ ನಿಲ್ಲಿಸಿ, ಬಾವುಟ ಮತ್ತು ಡಬ್ಬಿ ಎರಡನ್ನೂ ಪ್ರತಿ ಓಟಕ್ಕೆ ಬೇರೆ ಬೇರೆ ಜಾಗಕ್ಕೆ ಸರಿಸುತ್ತ ಓಡಿಸಿ. ಜಾಗ ನೆನಪಿಡಬೇಕಿಲ್ಲ, ಕಂಡದ್ದರ ಕಡೆ ಹೋದರಾಯಿತು. ಇದರಲ್ಲೂ ಸೋಲುವ ಇಲಿಗೆ ಕಣ್ಣಿನದ್ದೋ ಮನಸ್ಸಿನದ್ದೋ ತೊಂದರೆ ಇದೆ. ಅದರ ಅಂಕಿಗಳನ್ನು ನೆನಪಿನ ಲೆಕ್ಕಕ್ಕೆ ಸೇರಿಸಬೇಡಿ. ಈ ಪರೀಕ್ಷೆ ಕೊನೆಗೇ ಇರಲಿ. ಮೊದಲೇ ಮಾಡಿದರೆ ಇಲಿ ಬಾವುಟ ಹುಡುಕುವುದನ್ನೇ ಕಲಿತುಬಿಡುತ್ತದೆ.

## ಹಂತ 10: ಲೆಕ್ಕ ಮತ್ತು ಬರವಣಿಗೆ

ವಿಡಿಯೋಗೆ ಹಲಗೆಯ ನೇರ ಮೇಲೆ ಗಟ್ಟಿಯಾಗಿ ಕಟ್ಟಿದ ಮೊಬೈಲ್ ಸಾಕು. ಜಾಡು ಹಿಡಿಯಲು ಡೀಪ್‌ಲ್ಯಾಬ್‌ಕಟ್‌ನಂಥ ಉಚಿತ ಸಾಫ್ಟ್‌ವೇರ್ ಇದೆ. ಅದು ಕೊಟ್ಟ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಹತ್ತು ವಿಡಿಯೋ ಕೈಯಿಂದ ಎಣಿಸಿ ತಾಳೆ ನೋಡಿ.

ಕಲಿಕೆ, ನೆನಪು ಎರಡನ್ನೂ ಬೇರೆ ಬೇರೆಯಾಗಿ ಓದಿ. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಗುವುದು ಕಲಿಕೆ. ಒಂದು ದಿನದ ಕೊನೆಯ ಓಟವನ್ನು ಮರುದಿನದ ಮೊದಲ ಓಟದ ಪಕ್ಕ ಇಟ್ಟು ನೋಡಿ. ಕೆಲವು ಮುದಿ ಇಲಿಗಳು ಸಂಜೆ ಹೊತ್ತಿಗೆ ಹರೆಯದವುಗಳಷ್ಟೇ ಚೆನ್ನಾಗಿ ಹುಡುಕುತ್ತವೆ, ಬೆಳಗಾಗುವಷ್ಟರಲ್ಲಿ ಕಳೆದುಕೊಂಡಿರುತ್ತವೆ. ದಿನದ ಸರಾಸರಿ ತೆಗೆದರೆ ಇದು ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ಹೇಳುವ ಅಂಕಿ ಇದೇ.

180 ಸೆಕೆಂಡು ಅಂತ ಬರೆದ ಓಟಗಳ ಬಗ್ಗೆ ಎಚ್ಚರ. ಅದು ಅಳತೆ ಅಲ್ಲ, ಸಮಯ ಮುಗಿದದ್ದು ಅಷ್ಟೇ. ಅಂಥವು ಬಹಳ ಇದ್ದರೆ ಸರಾಸರಿ ಮತ್ತು ಗುಂಪುಗಳ ಸರಾಸರಿ ಹೋಲಿಸುವ ಅನೋವಾ ಸಾಲದು, ಸಮಯ ಮುಗಿದ ಓಟಗಳನ್ನೂ ಸರಿಯಾಗಿ ಲೆಕ್ಕಕ್ಕೆ ಹಿಡಿಯುವ ಸರ್ವೈವಲ್ ವಿಶ್ಲೇಷಣೆ ಮಾಡಿ. ಹಂತ 5ರ ವೇಗದ ಅಂಕಿಯನ್ನು ಸಮಯದ ಅಂಕಿಯ ಪಕ್ಕದಲ್ಲೇ ಕೊಡಿ.

ಕೊನೆಯದಾಗಿ, ಎಷ್ಟು ಇಲಿಗಳಿಂದ ಶುರು ಮಾಡಿದಿರಿ, ಎಷ್ಟು ಉಳಿದವು, ಬಿಟ್ಟದ್ದನ್ನು ಯಾವ ಕಾರಣಕ್ಕೆ ಬಿಟ್ಟಿರಿ ಅನ್ನುವುದನ್ನು ಒಂದೊಂದಾಗಿ ಬರೆಯಿರಿ. ಇಲಿ ನಂಬರ್, ವಯಸ್ಸು, ಕಾರಣ, ತಾರೀಖು. ಕಣ್ಣು ಕಾಣದ ಎರಡು, ಗಡ್ಡೆಯ ಒಂದು, ಹಲಗೆಯಿಂದ ಜಿಗಿದ ಒಂದು, ಹೀಗೆ. ಆ ಪಟ್ಟಿಯನ್ನು ಫಲಿತಾಂಶದ ಮೊದಲ ಪುಟದಲ್ಲೇ ಇಡಿ.